ಭಯವೇ ವಂಚಕರ ಬಂಡವಾಳ

‘ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಪತ್ತೆಯಾಗಿದೆ. ನೀವೀಗ ಡಿಜಿಟಲ್ ಅರೆಸ್ಟ್‌ನಲ್ಲಿದ್ದೀರಿ.’

ಇಂಥದ್ದೊಂದು ಕರೆಗೆ ಬೆದರಿ ಜೀವಮಾನದ ಉಳಿತಾಯವನ್ನೇ ಕಳೆದುಕೊಂಡವರ ಸುದ್ದಿಗಳನ್ನು ನಾವು ಓದುತ್ತಲೇ ಇದ್ದೇವೆ. 2024ರಲ್ಲಿ ಡಿಜಿಟಲ್ ಅರೆಸ್ಟ್ ಮತ್ತು ಅದಕ್ಕೆ ಸಂಬಂಧಿಸಿದ ಅಪರಾಧಗಳ 1.23 ಲಕ್ಷ ದೂರುಗಳು ದಾಖಲಾಗಿವೆ, ಜನರು ಕಳೆದುಕೊಂಡ ಮೊತ್ತ 1,935 ಕೋಟಿ ರೂಪಾಯಿ ಎಂದು ಕೇಂದ್ರ ಸರಕಾರವೇ ಸಂಸತ್ತಿಗೆ ತಿಳಿಸಿದೆ. ಆದರೆ ನಮ್ಮ ಮಾಧ್ಯಮಗಳ ಪಾಲಿಗೆ ಇದು ಇಂದಿಗೂ ಅಪರಾಧ ಪುಟದ ಒಂದು ರೋಚಕ ಸುದ್ದಿ ಮಾತ್ರ. ಎಷ್ಟು ಹಣ ಹೋಯಿತು ಎಂಬ ವಿವರ ಅಲ್ಲಿರುತ್ತದೆ. ಹೇಗೆ ಹೋಯಿತು, ಹೋಗದಂತೆ ತಡೆಯುವುದು ಹೇಗಿತ್ತು ಎಂಬ ವಿವರ ಇರುವುದು ವಿರಳ. ಕಳೆದುಕೊಂಡವರನ್ನು ದಡ್ಡರೆಂದು ಚಿತ್ರಿಸಿದರೆ ಸುದ್ದಿ ಮುಗಿಯಿತು.

ಅಷ್ಟಕ್ಕೂ, ಅವರು ದಡ್ಡರೇ? ವೈದ್ಯರು, ಇಂಜಿನಿಯರ್‌ಗಳು, ನಿವೃತ್ತ ಅಧಿಕಾರಿಗಳು ಕೂಡ ಈ ಬಲೆಗೆ ಬಿದ್ದಿದ್ದಾರೆ. ಇಲ್ಲಿ ವಂಚಕನು ಮುರಿಯುವುದು ಕಂಪ್ಯೂಟರಿನ ಬೀಗವನ್ನಲ್ಲ, ಮನುಷ್ಯನ ಧೈರ್ಯವನ್ನು. ಮೊದಲು ಸುಳ್ಳು ಆರೋಪ. ಬಳಿಕ ವೀಡಿಯೊ ಕರೆಯಲ್ಲಿ ಸಮವಸ್ತ್ರ, ನ್ಯಾಯಾಲಯದ ಹೆಸರಿನ ನಕಲಿ ಆದೇಶ. ಯಾರಿಗೂ ಹೇಳಬಾರದು, ಕ್ಯಾಮೆರಾ ಆರಿಸಬಾರದು ಎಂಬ ಕಟ್ಟಪ್ಪಣೆ. ಕೊನೆಗೆ ‘ಪರಿಶೀಲನೆ’ಗಾಗಿ ಹಣ ವರ್ಗಾವಣೆ. ಮನೆಯವರೊಂದಿಗೆ ಮಾತಾಡದಂತೆ ಒಂಟಿಯಾಗಿಸುವುದೇ ಈ ತಂತ್ರದ ಜೀವಾಳ.

ನಿಜವಾಗಿ, ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ. ಬಂಧಿತನಿಗೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ ಸಂವಿಧಾನದ 22ನೇ ವಿಧಿ. ಇಷ್ಟನ್ನು ತಿಳಿದಿರುವ ನಾಗರಿಕನನ್ನು ಫೋನಿನಲ್ಲಿ ಬಂಧಿಸಲು ಯಾರಿಗೆ ಸಾಧ್ಯ? ಹಾಗಾದರೆ ಈ ತಿಳಿವು ಜನರಿಗೇಕೆ ಇಲ್ಲ? ಪೊಲೀಸರೆಂದರೆ ಪ್ರಶ್ನಿಸದೆ ತಲೆಬಾಗಬೇಕೆಂಬ ಭಯವನ್ನು ವ್ಯವಸ್ಥೆ ದಶಕಗಳಿಂದ ಬಿತ್ತಿದೆ. ವಂಚಕರು ಅದರ ಫಸಲನ್ನು ಕೊಯ್ಯುತ್ತಿದ್ದಾರೆ. ಆದ್ದರಿಂದ ಸೈಬರ್ ಸುರಕ್ಷತೆಯ ಪಾಠವು ಪಾಸ್‌ವರ್ಡ್‌ನಿಂದಲ್ಲ, ಹಕ್ಕುಗಳಿಂದ ಆರಂಭವಾಗಬೇಕು.

2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರು ‘ಮನ್ ಕೀ ಬಾತ್’ನಲ್ಲಿ ಈ ಬಗ್ಗೆ ಎಚ್ಚರಿಸಿದರು. 2025ರ ಡಿಸೆಂಬರ್‌ನಲ್ಲಿ ಸುಪ್ರೀಮ್ ಕೋರ್ಟು ಇಂಥ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಇವು ಸ್ವಾಗತಾರ್ಹ. ಆದರೆ ಹಳ್ಳಿಯ ಅಜ್ಜಿಗೆ ಅರ್ಥವಾಗುವ ಕನ್ನಡದಲ್ಲಿ ಇದನ್ನು ವಿವರಿಸಬೇಕಾದವರು ಪತ್ರಕರ್ತರು. ಹಣ ಪಡೆಯಲು ಯುಪಿಐ ಪಿನ್ ಬೇಕಾಗಿಲ್ಲ, ಹಣ ಹೋದ ತಕ್ಷಣ 1930ಕ್ಕೆ ಕರೆ ಮಾಡಿದರೆ ಅದನ್ನು ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆಯಿದೆ, ಕೃತಕ ಬುದ್ಧಿಮತ್ತೆಯು ಮಗನ ಧ್ವನಿಯನ್ನೂ ಅನುಕರಿಸಬಲ್ಲದು, ಆದ್ದರಿಂದ ಕರೆ ಕಡಿದು ಮಗನ ಸಂಖ್ಯೆಗೆ ನಾವೇ ಕರೆ ಮಾಡಬೇಕು ಎಂಬ ಮಾತುಗಳನ್ನು ರಾಶಿ ಭವಿಷ್ಯದಷ್ಟೇ ನಿಯಮಿತವಾಗಿ ಪ್ರಕಟಿಸಲು ಪತ್ರಿಕೆಗಳಿಗೆ ಅಡ್ಡಿಯೇನು?

ನಮ್ಮ ಹೊಣೆಯೂ ಇದೆ. ದೋಚಿದ ಹಣ ಮೊದಲು ಸೇರುವುದು ಬಾಡಿಗೆ ಖಾತೆಗಳಿಗೆ. ಕೆಲವು ಸಾವಿರ ರೂಪಾಯಿಯ ಆಸೆಗೆ ಪಾಸ್‌ಬುಕ್, ಎಟಿಎಂ ಕಾರ್ಡ್ ಮತ್ತು ಸಿಮ್‌ಗಳನ್ನು ಇನ್ನೊಬ್ಬರಿಗೆ ಒಪ್ಪಿಸುವ ಯುವಕನು ಯಾರದೋ ಕಣ್ಣೀರಿನಲ್ಲಿ ಪಾಲುದಾರನಾಗುತ್ತಾನೆ. ಪೊಲೀಸರು ಮೊದಲು ಹುಡುಕಿಕೊಂಡು ಬರುವುದೂ ಅವನನ್ನೇ. ಇದನ್ನು ಮನೆಯಲ್ಲಿ ಹೇಳಬೇಕು, ಮೊಹಲ್ಲಾದಲ್ಲಿ ಹೇಳಬೇಕು. ಮೋಸ ಹೋದವರನ್ನು ಗೇಲಿ ಮಾಡುವ ಬದಲು ಅವರ ಬಾಯಿಯಿಂದಲೇ ಅನುಭವವನ್ನು ಕೇಳಬೇಕು. ನಾಚಿಕೆಯಿಂದ ಮುಚ್ಚಿಟ್ಟ ಪ್ರತಿಯೊಂದು ಮೋಸವೂ ಇನ್ನೊಂದು ಮನೆಯ ಬಾಗಿಲನ್ನು ವಂಚಕನಿಗೆ ತೆರೆದಿಡುತ್ತದೆ.