ಪಾರ್ಸೆಲ್ ಮಾತ್ರ

2020ರ ಲಾಕ್‌ಡೌನ್‌ನಲ್ಲಿ ಗಂಡಸರ ಬಗ್ಗೆ ಸರ್ಕಾರ ಯೋಚಿಸಲೇ ಇಲ್ಲ ಎನ್ನುವಂತಿಲ್ಲ. ಮೇ 4ರಂದು ಮದ್ಯದಂಗಡಿ ತೆರೆಸಿತು. ಕರ್ನಾಟಕದಲ್ಲಿ ಮೊದಲ ದಿನದ ಮಾರಾಟ 45 ಕೋಟಿ ರೂಪಾಯಿ, ಮರುದಿನ 197 ಕೋಟಿ. ಸುಣ್ಣದ ಗುರುತಿನ ಮೇಲೆ ಒಬ್ಬೊಬ್ಬರನ್ನೇ ನಿಲ್ಲಿಸಿ, ಬಾಟಲಿ ಕೈಗಿತ್ತು ಮನೆಗೆ ಕಳಿಸಲಾಯಿತು. ಕುಡಿಯಬಹುದಿತ್ತು, ಜೊತೆಗೆ ಕೂರುವಂತಿರಲಿಲ್ಲ. ಬಾರಿನಲ್ಲಿ ಕೂರಲು ಸೆಪ್ಟೆಂಬರ್ ಬರಬೇಕಾಯಿತು.

ಗಂಡಸು ಕಷ್ಟ ಹೇಳಿಕೊಳ್ಳಲೆಂದೇ ಎಲ್ಲಿಗೂ ಹೋಗುವುದಿಲ್ಲ. ಬೇರೆ ನೆಪದಲ್ಲಿ ಹೋಗುತ್ತಾನೆ: ಬೈಟು ಕಾಫಿಗೆ, ಆಟೊ ಸ್ಟ್ಯಾಂಡಿಗೆ, ಅರಳಿಕಟ್ಟೆಗೆ, ಕಟಿಂಗ್ ಶಾಪಿಗೆ. ಮಳೆ, ಮಂತ್ರಿ, ಕ್ರಿಕೆಟ್ಟು ಎಂದು ಸುತ್ತಾಡಿದ ಮಾತು, ಎದ್ದು ಚಪ್ಪಲಿ ಮೆಟ್ಟುವ ಹೊತ್ತಿಗೆ, ‘ಈ ತಿಂಗಳೂ ಕಂತು ಕಟ್ಟಿಲ್ಲ ಕಣಯ್ಯಾ’ ಎಂಬಲ್ಲಿಗೆ ಬರುತ್ತದೆ. ಕೇಳಿದವನು ‘ಆಗುತ್ತೆ ಬಿಡು’ ಎನ್ನುತ್ತಾನೆ. ಸಮಾಲೋಚನೆ ಮುಗಿಯಿತು. ಅಗತ್ಯ ಸೇವೆಗಳ ಪಟ್ಟಿಯಲ್ಲಿ ಇದು ಇರಲಿಲ್ಲ.

ಬದಲಿಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಬಂತು. ನಿಮ್ಹಾನ್ಸ್ ಆ ಮಾರ್ಚಿನಲ್ಲೇ ಶುರು ಮಾಡಿತು, ಒಳ್ಳೆಯ ಕೆಲಸ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಇದೆ, ಸಂಖ್ಯೆ 14416. ಆದರೆ ಫೋನಿನಲ್ಲಿ ಮಳೆಯ ಮಾತಿಗೆ ಎಡೆಯಿಲ್ಲ. ಮೊದಲ ವಾಕ್ಯದಲ್ಲೇ ಕಷ್ಟ ಹೇಳಬೇಕು, ಅದೂ ಒಂದೇ ಕೋಣೆಯ ಮನೆಯಲ್ಲಿ, ಹೆಂಡತಿಯ ಕಿವಿಗೆ ಬೀಳುವಂತೆ. ಅಷ್ಟು ಬರುವುದಾಗಿದ್ದರೆ ಅವಳಿಗೇ ಹೇಳಿರುತ್ತಿದ್ದ. 2021ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,64,033 ಮಂದಿ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕ ಕೊಟ್ಟಿದೆ. ಅವರಲ್ಲಿ 1,18,979 ಗಂಡಸರು. ಒಟ್ಟಾರೆ ನಾಲ್ವರಲ್ಲಿ ಒಬ್ಬರು ದಿನಗೂಲಿಯವರು. ಎಲ್ಲವನ್ನೂ ಕೋವಿಡ್ ತಲೆಗೆ ಕಟ್ಟಲಾಗದು, ಗಂಡಸರ ಪಾಲು ಹಿಂದಿನ ವರ್ಷಗಳಲ್ಲೂ ಹೆಚ್ಚುಕಡಿಮೆ ಇಷ್ಟೇ ಇತ್ತು. ಅಂದರೆ ವಿಷಯ ಮೊದಲೇ ಗೊತ್ತಿತ್ತು. ಪಟ್ಟಿ ಬರೆಯುವಾಗ ನೆನಪಾಗಲಿಲ್ಲ, ಅಷ್ಟೆ.

ಕ್ಷೌರದಂಗಡಿಗಳು ತೆರೆದದ್ದು ಮೇ 19ಕ್ಕೆ. ಕ್ಷೌರಿಕರಿಗೆ 5,000 ರೂಪಾಯಿ ಪರಿಹಾರವನ್ನೂ ಸರ್ಕಾರ ಘೋಷಿಸಿತ್ತು, ಕೂದಲ ಲೆಕ್ಕದಲ್ಲಿ. ನಮ್ಮ ಬೀದಿಯ ಅಂಗಡಿಗೆ ಆ ವಾರ ಬಂದ ಒಬ್ಬರ ತಲೆಗೆ ಮನೆಯಲ್ಲೇ ಕತ್ತರಿ ಬಿದ್ದಿತ್ತು, ಏರುಪೇರಾಗಿ. ಸರಿ ಮಾಡಲು ಏನೂ ಉಳಿದಿರಲಿಲ್ಲ. ಮಾರ್ಚ್ ತಿಂಗಳ ಪೇಪರು ಹಿಡಿದು ಬೆಂಚಿನ ತುದಿಯಲ್ಲಿ ಒಂದು ಗಂಟೆ ಕೂತಿದ್ದರು. ಯಾಕೆ ಬಂದಿರಿ ಎಂದು ಯಾರೂ ಕೇಳಲಿಲ್ಲ.