ಜೇನು ಪೆಟ್ಟಿಗೆ: ಯಂತ್ರ ಕೊರೆಯಲಿ, ಅಳತೆ ತುಡುವೆಯದಿರಲಿ

ನಮ್ಮ ತಾಲೂಕು ಪೇಟೆಗೂ ಸಿಎನ್‌ಸಿ ಅಂಗಡಿ ಬಂದಿದೆ. ದೇವರ ಕೋಣೆಯ ಬಾಗಿಲಿಗೆ ಗಣಪತಿ, ಮುಂಬಾಗಿಲಿಗೆ ಹೂಬಳ್ಳಿ ಕೊರೆಯುವ ಆ ಯಂತ್ರ ಜೇನು ಪೆಟ್ಟಿಗೆಯ ಹಲಗೆಗಳನ್ನೂ ಕತ್ತರಿಸಬಲ್ಲದು. ಕಂಪ್ಯೂಟರಿನಲ್ಲಿ ನಕ್ಷೆ ಸರಿಯಾಗಿದ್ದರೆ ಹತ್ತು ಪೆಟ್ಟಿಗೆಯೂ ಒಂದೇ ಅಳತೆಗೆ ಬರುತ್ತವೆ. ಜೇನು ಸಾಕುವವರಿಗೆ ಬೇಕಾದದ್ದೂ ಅದೇ.

ನಮ್ಮ ಮನೆಯಲ್ಲಿ ಎರಡು ಕಡೆಯಿಂದ ತಂದ ಪೆಟ್ಟಿಗೆಗಳಿವೆ. ಒಂದರ ಚೌಕಟ್ಟು ಇನ್ನೊಂದರಲ್ಲಿ ಕೂರುವುದಿಲ್ಲ. ಕಳೆದ ಮಳೆಗಾಲದಲ್ಲಿ ಒಂದು ಸಂಸಾರ ಸೊರಗಿತ್ತು. ಬಲವಾದ ಪೆಟ್ಟಿಗೆಯಿಂದ ಒಂದು ಮರಿ ಎರಿ ಕೊಟ್ಟಿದ್ದರೆ ಉಳಿಯುತ್ತಿತ್ತೇನೋ. ಕೊಡಲಾಗಲಿಲ್ಲ. ಒಂದು ದಿನ ನೋಡಿದರೆ ಪೆಟ್ಟಿಗೆ ಖಾಲಿ.

ಜೇನಿನ ಲೆಕ್ಕ ಮಿಲಿಮೀಟರಿನದು. 1851ರಲ್ಲಿ ಅಮೆರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತ್ ಇದನ್ನು ಕಂಡುಕೊಂಡರು: ಹುಳ ಓಡಾಡುವಷ್ಟೇ ಸಂದು ಬಿಟ್ಟರೆ ಅಲ್ಲಿ ಅದು ಎರಿ ಕಟ್ಟುವುದಿಲ್ಲ. ತುಡುವೆಗೆ ಈ ಸಂದು ಸುಮಾರು 7–8 ಮಿ.ಮೀ. ಹೆಚ್ಚು ಬಿಟ್ಟರೆ ಅಡ್ಡ ಎರಿ ಕಟ್ಟಿ ಚೌಕಟ್ಟನ್ನು ಗೋಡೆಗೆ ಬೆಸೆಯುತ್ತದೆ. ಎಳೆದರೆ ಎರಿ ಹರಿದು ಮರಿ ಸಾಯುತ್ತದೆ, ತುಪ್ಪ ಸೋರಿ ಇರುವೆ ಮುತ್ತುತ್ತದೆ. ತುಡುವೆ ಮೊದಲೇ ಪೆಟ್ಟಿಗೆ ಬಿಟ್ಟು ಹೋಗುವುದಕ್ಕೆ ಹೆಸರಾದ ಜಾತಿ.

ಹಾಗಂತ ಮೊಬೈಲಿನಲ್ಲಿ ಸಿಕ್ಕಿದ ನಕ್ಷೆಯನ್ನು ಅಂಗಡಿಗೆ ಕೊಡಬೇಡಿ. ಅಲ್ಲಿ ಸಿಗುವುದು ಹೆಚ್ಚಾಗಿ ಯುರೋಪಿನ ಜೇನಿನ ದೊಡ್ಡ ಪೆಟ್ಟಿಗೆ. ಆ ಜೇನಿಗೆ ಎರಿಯಿಂದ ಎರಿಗೆ ಸುಮಾರು 35 ಮಿ.ಮೀ. ಬೇಕು, ತುಡುವೆಗೆ 30ರ ಆಸುಪಾಸು ಸಾಕು. ಚಿಕ್ಕ ಸಂಸಾರವನ್ನು ದೊಡ್ಡ ಪೆಟ್ಟಿಗೆಗೆ ಹಾಕಿದರೆ ಕಾಯಲಾಗದ ಮೂಲೆಗಳಲ್ಲಿ ಮೇಣದ ಪತಂಗ ಮೊಟ್ಟೆಯಿಡುತ್ತದೆ. ನಮ್ಮ ಜೇನಿಗೆಂದೇ ನೂರು ವರ್ಷದ ಹಿಂದೆ ದಕ್ಷಿಣ ಭಾರತದಲ್ಲಿ ಫಾದರ್ ನ್ಯೂಟನ್ ರೂಪಿಸಿದ ಪೆಟ್ಟಿಗೆ ಇದೆ. ನಕ್ಷೆ ಅಲ್ಲಿಂದ ಶುರುವಾಗಲಿ.

"ಹಾಗಾದರೆ ಬಡಗಿಗೆ ಕೆಲಸವಿಲ್ಲವೇ?" ಎಂದು ಕೇಳಬಹುದು. ಇದೆ. ಯಂತ್ರದ ಬಿಟ್ ದುಂಡಗಿರುತ್ತದೆ. 6 ಮಿ.ಮೀ. ಬಿಟ್ ಒಳಮೂಲೆಯಲ್ಲಿ 3 ಮಿ.ಮೀ. ದುಂಡು ಉಳಿಸುತ್ತದೆ, ಹಲ್ಲುಗಳು ಪೂರ್ತಿ ಕೂರುವುದಿಲ್ಲ. ಆ ಮೂಲೆ ತೆಗೆಯಲು ಉಳಿಯೇ ಬೇಕು. ಹಸಿ ಮರ ಕೊರೆದರೆ ಒಣಗಿದ ಮೇಲೆ ಕುಗ್ಗಿ ಅಳತೆ ತಪ್ಪುತ್ತದೆ. ಅಗ್ಗವೆಂದು ಎಂಡಿಎಫ್ ಹಾಕಿದರೆ ಮಲೆನಾಡಿನ ಮಳೆಗೆ ಉಬ್ಬುತ್ತದೆ. ಯಾವ ಮರ ಒಣಗಿದೆ, ಯಾವುದು ಸೊಟ್ಟಗಾಗುತ್ತದೆ ಎಂಬುದು ಯಂತ್ರಕ್ಕೆ ತಿಳಿಯದು, ಬಡಗಿಗೆ ತಿಳಿಯುತ್ತದೆ.

ಇನ್ನೊಂದು ಎಚ್ಚರಿಕೆ. ಬಡಗಿ ತಪ್ಪಿದರೆ ಒಂದು ಪೆಟ್ಟಿಗೆ ಕೆಡುತ್ತದೆ, ನಕ್ಷೆ ತಪ್ಪಿದರೆ ನೂರು ಕೆಡುತ್ತವೆ. ಆದ್ದರಿಂದ ಮೊದಲು ಒಂದೇ ಒಂದು ಮಾಡಿಸಿ, ಸಂಸಾರ ಕೂರಿಸಿ, ಒಂದು ಮಳೆಗಾಲ ಒಂದು ಬೇಸಿಗೆ ಕಳೆಯಲಿ. ಚೌಕಟ್ಟು ಎರಡು ಬೆರಳಿಗೆ ಸಲೀಸಾಗಿ ಮೇಲೆ ಬಂದರೆ ಆಮೇಲೆ ಹತ್ತು ಮಾಡಿಸಿ.

ಇದನ್ನು ಒಬ್ಬೊಬ್ಬರೇ ಮಾಡುವ ಬದಲು ಜೇನು ಸಾಕುವವರ ಸಹಕಾರ ಸಂಘಗಳು ಮಾಡಬೇಕು. ಪರೀಕ್ಷಿಸಿದ ಒಂದು ನಕ್ಷೆಯನ್ನು ಎಲ್ಲರಿಗೂ ಉಚಿತವಾಗಿ ಕೊಡಲಿ. ತೋಟಗಾರಿಕೆ ಇಲಾಖೆಯ ಸಹಾಯಧನದ ಪೆಟ್ಟಿಗೆಗಳೂ ಅದೇ ಅಳತೆಯಲ್ಲಿರಲಿ. ಆಗ ನಿಮ್ಮ ಮನೆಯ ಮರಿ ಎರಿ ನಮ್ಮ ಮನೆಯ ಸೊರಗಿದ ಸಂಸಾರವನ್ನು ಉಳಿಸೀತು.