ಒತ್ತೆಯಾಳು ಅಂದ್ರೆ ಏನಮ್ಮಾ?

ಶಾಲೆಯ ಪಂಜಾಬಿ ಗೆಳತಿ ಉಧಮ್ ಸಿಂಗ್ ಕಥೆ ಹೇಳಿದ್ದಳಂತೆ. "ನಮ್ಮ ಕಡೆ ಯಾರಮ್ಮಾ?" ಎಂದು ಮಗಳ ಹಟ. ಸೌತ್‌ಹಾಲ್ ಬ್ರಾಡ್‌ವೇಯಲ್ಲಿ ನಡೆಯುತ್ತಲೇ ಕಿತ್ತೂರಿನ ಕಥೆ ಶುರುಮಾಡಿದೆ.

1824ರಲ್ಲಿ ಕಿತ್ತೂರಿನ ದೊರೆ ತೀರಿಕೊಂಡಾಗ ದತ್ತುಮಗನನ್ನು ಕಂಪನಿ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. (ಇಲ್ಲಿನ ಕಾದಂಬರಿಕಾರ ಥ್ಯಾಕರೆಯ ತಂದೆಯ ಸೋದರ ಈತ!) ನಾವು ಚಿಕ್ಕವರಿದ್ದಾಗ ಚಪ್ಪಾಳೆ ತಟ್ಟುತ್ತಿದ್ದದ್ದು ಇಲ್ಲಿಗೆ. ಕಾರಣ ಹುಡುಕುವುದೇ ಕಸುಬಾದ ನನಗೆ ಈಗ ನಿಜವಾದ ತಿರುವು ಕಾಣುವುದು ಇದರ ನಂತರ. ಸ್ಟೀವನ್‌ಸನ್, ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಚೆನ್ನಮ್ಮನ ಕೈಯಲ್ಲಿ ಒತ್ತೆಯಾಳುಗಳಾಗಿದ್ದರು. ಯುದ್ಧ ನಿಲ್ಲುತ್ತದೆಂಬ ನಂಬಿಕೆಯ ಮೇಲೆ ಅವರನ್ನು ಬಿಟ್ಟಳು. ಡಿಸೆಂಬರ್ ಮೊದಲ ವಾರದಲ್ಲೇ ಕೋಟೆ ಬಿತ್ತು.

"ಒತ್ತೆಯಾಳು ಅಂದ್ರೆ?"

ಎದುರಿಗೇ ಬಂಗಾರದ ಅಂಗಡಿ. "ನನ್ನ ಓದಿಗೆ ಅಜ್ಜಿ ಬಳೆ ಒತ್ತೆ ಇಟ್ಟಿದ್ರಲ್ಲ, ಹಾಗೆ ಮನುಷ್ಯರನ್ನ."

"ಬಳೆ ವಾಪಸ್ ಬಂತಾ?"

"ಸಾಲ ತೀರಿಸಿದ ಮೇಲೆ ಬಂತು."

"ಮತ್ತೆ ರಾಣಿಗೆ ಯಾಕೆ ಮೋಸ?"

ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ರಾಣಿ ತೀರಿಕೊಂಡದ್ದು, ಆ ದತ್ತುಮಗನಿಗಾಗಿ ಮತ್ತೆ ಕತ್ತಿ ಹಿಡಿದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದ್ದು, ಎಲ್ಲ ಹೇಳಿದೆ. ಸೋಲನ್ನು ಮುಚ್ಚಿಡಲು ಮನಸ್ಸಾಗಲಿಲ್ಲ. ಮನೆಯವರೆಗೂ ಮಾತಿಲ್ಲ.

ರಾತ್ರಿ ಅವರಪ್ಪ ಹೋಮ್‌ವರ್ಕ್ ಮುಗಿಯಲಿ ಎಂದು ಐಪ್ಯಾಡ್ ಎತ್ತಿಟ್ಟರು. ಅಚ್ಚ ಕನ್ನಡದಲ್ಲಿ ಕೇಳಿದಳು:

"ಅಪ್ಪಾ, ಒತ್ತೆ ಇಟ್ಕೊಂಡಿದ್ದೀಯ. ಮುಗಿಸಿದ್ರೆ ಕೊಡ್ತೀಯ ತಾನೇ?"